ಏನಿಲ್ಲ ಅಜ್ಜಿ, ಸುಮ್ನೆ ಏನೋ ಕೇಳ್ತಿದೆ

ನಮ್ಮ ಓಣಿಯ ಕೊನೇ ಮನೆ ಅಜ್ಜಿ ಬರುವುದು ಮಧ್ಯಾಹ್ನ ಮೂರರ ಹೊತ್ತಿಗೆ. ಊಟ ಮುಗಿದು, ಪಾತ್ರೆ ತೊಳೆದಿಟ್ಟು, ನಾನು ಒಂದು ಗಳಿಗೆ ಕಾಲು ಚಾಚಿ ಕೂತಿರುವ ಸಮಯ ಅದು ಅಂತ ಅವರಿಗೆ ಗೊತ್ತು. ಬಂದವರೇ ಹೊಸ್ತಿಲ ಹತ್ತಿರ ಗೋಡೆಗೊರಗಿ ಕೂತು ಎಲೆಅಡಿಕೆ ಸಂಚಿ ಬಿಚ್ಚುತ್ತಾರೆ. ಒಳಗೆ ಅಡಿಕೆ ಹೋಳು, ಸುಣ್ಣದ ಡಬ್ಬಿ, ನಾಲ್ಕು ಮಡಿಕೆ ಮಾಡಿದ ನೋಟು. ಅವುಗಳ ಮಧ್ಯೆ ಅರ್ಧ ಹೊರಗೆ ಇಣುಕುವ ಫೋನು. ಫೋನಿನ ಹಿಂದೆ, ಕವರಿನ ಒಳಗೆ, ಒಂದು ಚೀಟಿ. ಮೊಮ್ಮಗನ ಅಕ್ಷರದಲ್ಲಿ ಆಧಾರ್ ನಂಬರು, ಬ್ಯಾಂಕಿನ ಖಾತೆ ನಂಬರು, ಅದರ ಕೆಳಗೆ ನಾಲ್ಕೇ ನಾಲ್ಕು ಅಂಕಿ. ಆ ನಾಲ್ಕು ಅಂಕಿ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಪಾರದರ್ಶಕ ಕವರು ಬೇರೆ. "ನೋಡವ್ವಾ, ಏನೋ ಬಂದೈತಿ" ಅಂತ ಫೋನನ್ನು ನನ್ನ ಕೈಗೆ ಕೊಟ್ಟು ಅವರು ಅಡಿಕೆ ಕತ್ತರಿಸಲು ಶುರು ಮಾಡುತ್ತಾರೆ.

ಬಂದಿರುವುದು ಹೆಚ್ಚಾಗಿ ಏನೂ ಇರುವುದಿಲ್ಲ. ರೀಚಾರ್ಜ್ ಮುಗಿಯುತ್ತದೆ ಅನ್ನುವ ಮೆಸೇಜು, ಯಾವುದೋ ಸಾಲದ ಆಸೆ ತೋರಿಸುವ ಮೆಸೇಜು, ಗೃಹಲಕ್ಷ್ಮಿ ದುಡ್ಡು ಜಮಾ ಆದ ಮೆಸೇಜು. ಆ ಮನೆಯ ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಅಜ್ಜಿಯ ಹೆಸರೇ ಇದೆ. ಹಾಗಾಗಿ 2,000 ರೂಪಾಯಿ ಬರುವುದು ಅಜ್ಜಿಗೆ, ಸೊಸೆಗಲ್ಲ. ಇದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ, ಆದರೆ ಎಲ್ಲರ ಮನಸ್ಸಿನಲ್ಲೂ ಇರುವ ವಿಷಯ. ಅಜ್ಜ ಇಲ್ಲಿನ ಕಾಟನ್ ಮಿಲ್ಲಿನಲ್ಲಿದ್ದವರು. ಮಿಲ್ಲೂ ಹೋಯಿತು, ಅಜ್ಜನೂ ಹೋದರು. ಜೀವನದಲ್ಲಿ ಮೊದಲ ಸಲ ಅಜ್ಜಿಯ ಸ್ವಂತ ಹೆಸರಿಗೆ ದುಡ್ಡು ಬರುತ್ತಿರುವುದು ಈಗಲೇ. ಆ ದುಡ್ಡನ್ನು ಅವರು ಮೊಮ್ಮಗಳ ಜುಮುಕಿಗೆ ಅಂತ ಒಂದು ಬಂಗಾರದ ಅಂಗಡಿಯ ಸ್ಕೀಮಿಗೆ ಕಟ್ಟುತ್ತಿದ್ದರು. ಈ ವಿಷಯ ಗೊತ್ತಿದ್ದದ್ದು ಅಜ್ಜಿಗೆ, ನನಗೆ ಮತ್ತು ಅಂಗಡಿಯವರಿಗೆ.

ಮೊದಲು ಅಂಗಡಿಯವರು ಒಂದು ಕಾರ್ಡು ಕೊಟ್ಟಿದ್ದರು. ತಿಂಗಳಿಗೊಂದು ಸೀಲು. ಹೋದ ವರ್ಷ ಕಾರ್ಡು ನಿಲ್ಲಿಸಿ ಆ್ಯಪ್ ಮಾಡಿದರು. ಅಜ್ಜಿ ಎಂದಿನಂತೆ ಮೂರು ಗಂಟೆಗೆ ಬಂದರು. ನಾನು ಆ್ಯಪ್ ಹಾಕಿದೆ. ಅದು ತೆರೆದ ತಕ್ಷಣ ಒಂದಾದ ಮೇಲೊಂದು ಕೇಳತೊಡಗಿತು. ಫೋನಿನಲ್ಲಿರುವ ನಂಬರುಗಳನ್ನು ನೋಡಲಾ? ನೀವು ಎಲ್ಲಿದ್ದೀರಿ ಅಂತ ತಿಳಿಯಲಾ? ಫೋಟೊಗಳನ್ನು ತೆಗೆಯಲಾ? ಆಗಾಗ ನೋಟಿಫಿಕೇಶನ್ ಕಳಿಸಲಾ? ಎಲ್ಲಾ ಇಂಗ್ಲಿಷಿನಲ್ಲಿ. ನಾನು ಓಕೆ, ಓಕೆ, ಓಕೆ, ಓಕೆ ಅಂತ ಒತ್ತಿದೆ. ಹತ್ತು ಸೆಕೆಂಡು ಹಿಡಿದಿರಲಿಕ್ಕಿಲ್ಲ. ಅಜ್ಜಿ ಅಡಕತ್ತರಿ ನಿಲ್ಲಿಸಿ, "ಏನ್ ಕೇಳ್ತೈತವ್ವ ಅದು ಅಷ್ಟೊಂದು ಸಲ?" ಅಂದರು. ನಾನು ಪರದೆಯಿಂದ ತಲೆ ಎತ್ತದೆ ಹೇಳಿದೆ: "ಏನಿಲ್ಲ ಅಜ್ಜಿ, ಸುಮ್ನೆ ಏನೋ ಕೇಳ್ತಿದೆ."

ಒಂದು ವಾರವಾಗಿತ್ತೇನೋ. ಹರಿಹರದಿಂದ ಅಜ್ಜಿಯ ತಂಗಿ ಫೋನು ಮಾಡಿದರು. "ಏನಕ್ಕಾ, ಬಂಗಾರ ಮಾಡಿಸಾಕತ್ತೀಯಂತೆ, ನನಗೊಂದು ಮಾತು ಹೇಳ್ಲಿಲ್ಲ!" ಅವರಿಗೆ ಅಂಗಡಿಯಿಂದ ಮೆಸೇಜು ಹೋಗಿತ್ತು. ನಿಮ್ಮ ಪರಿಚಯದವರು ನಮ್ಮ ಸ್ಕೀಮು ಸೇರಿದ್ದಾರೆ, ನೀವೂ ಸೇರಿ ಅಂತ, ಅಜ್ಜಿಯ ಹೆಸರು ಹಾಕಿ. ಅಜ್ಜಿಯ ಫೋನಿನಲ್ಲಿದ್ದ ಎಲ್ಲಾ ನಂಬರಿಗೂ ಹೋಗಿತ್ತು. ಸೊಸೆಗೂ. ಅದರ ಹಿಂದಿನ ತಿಂಗಳಷ್ಟೇ ಮಗ ಆಟೋ ಇನ್ಶೂರೆನ್ಸಿಗೆ ದುಡ್ಡು ಕೇಳಿದಾಗ ಅಜ್ಜಿ ಕೈಯಲ್ಲಿ ಬಿಡಿಗಾಸಿಲ್ಲ ಅಂದಿದ್ದರಂತೆ. ಆಮೇಲೆ ಆ ಮನೆಯಲ್ಲಿ ನಾಲ್ಕು ದಿನ ಯಾರು ಯಾರ ಜೊತೆ ಮಾತಾಡಿದರೋ ಬಿಟ್ಟರೋ, ಓಣಿಗೆಲ್ಲ ಗೊತ್ತಾಯಿತು. ಅಜ್ಜಿ ನನ್ನ ಹತ್ತಿರ ಬಂದು ಕೇಳಿದ್ದು ಒಂದೇ: "ಯಾರು ಹೇಳಿದ್ರವ್ವ ಅವರಿಗೆ?" ನಾನು, "ಅಂಗಡಿಯವರು ಹೇಳಿರಬೇಕು ಅಜ್ಜಿ" ಅಂದೆ.

ಸುಳ್ಳಲ್ಲ ಅದು. ನಿಜವೂ ಅಲ್ಲ.

ಗುಟ್ಟು

ನಮ್ಮ ಜನಕ್ಕೆ ಖಾಸಗಿತನ ಅಂದರೆ ಏನು ಅಂತಲೇ ಗೊತ್ತಿಲ್ಲ ಅನ್ನುವ ಮಾತು ಆಗಾಗ ಕೇಳುತ್ತೇನೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಸಂಬಳ ಕೇಳುವವರು ನಾವು, ಹೌದು. ಹಾಗಂತ ಗುಟ್ಟು ಅನ್ನುವುದು ಗೊತ್ತಿಲ್ಲವಾ? ಸಾಸಿವೆ ಡಬ್ಬಿಯಲ್ಲಿ ದುಡ್ಡಿಡದ ಹೆಂಗಸರನ್ನು ನಾನು ಕಂಡಿಲ್ಲ. 'ಸಂಸಾರ ಗುಟ್ಟು, ವ್ಯಾಧಿ ರಟ್ಟು' ಅಂತ ನಮ್ಮಮ್ಮ ದಿನಕ್ಕೊಂದು ಸಲ ಅನ್ನುತ್ತಿದ್ದರು. ಈಗ ಯೋಚಿಸಿದರೆ ಎಂಥ ಲೆಕ್ಕಾಚಾರದ ಮಾತು ಅನ್ನಿಸುತ್ತದೆ. ಮನೆ ವಿಷಯ ಮುಚ್ಚಿಡು, ಕಾಯಿಲೆ ಮುಚ್ಚಿಡಬೇಡ. ಯಾವುದನ್ನು ಯಾರಿಗೆ, ಯಾತಕ್ಕೆ ಹೇಳಬೇಕು ಅನ್ನುವುದು ಅದರೊಳಗಿದೆ. ಅಜ್ಜಿ ಬಂಗಾರದಂಗಡಿಗೆ ಹೆಸರು, ನಂಬರು ಕೊಟ್ಟದ್ದು ಜುಮುಕಿಗಾಗಿ. ಹರಿಹರದ ತಂಗಿಗೆ ಸುದ್ದಿ ಮುಟ್ಟಿಸಲಿ ಅಂತ ಅಲ್ಲ.

ಇದೇ ಮಾತನ್ನು ದೆಹಲಿಯ ಕೋರ್ಟಿಗೆ ಒಯ್ದವರು ನಮ್ಮ ರಾಜ್ಯದ ಒಬ್ಬ ಅಜ್ಜ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಸಂವಿಧಾನದಲ್ಲಿ ಖಾಸಗಿತನ ಅನ್ನುವ ಹಕ್ಕೇ ಇಲ್ಲ ಅಂತ ಕೇಂದ್ರ ಸರ್ಕಾರ ವಾದ ಮಾಡಿತು. ಅದಕ್ಕೆ 1954ರ, ಎಂಟು ನ್ಯಾಯಮೂರ್ತಿಗಳ ಒಂದು ಹಳೇ ತೀರ್ಪು ಆಧಾರ. ಅದನ್ನು ದಾಟಬೇಕಾದರೆ ಒಂಬತ್ತು ಜನ ಕೂರಲೇಬೇಕು. ಕೂತರು. ಇದೆಲ್ಲ ಉಳ್ಳವರ ಚಿಂತೆ, ಬಡವರಿಗೆ ಬೇಕಿರುವುದು ಬೇರೆ ಎಂಬಂಥ ವಾದವೂ ಅಲ್ಲಿ ಬಂತು. ಕೋರ್ಟು ಒಪ್ಪಲಿಲ್ಲ. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂದರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡಾಗ ಪೇಪರಿನಲ್ಲಿ ಓದಿ, ಸಾಸಿವೆ ಡಬ್ಬಿಯ ಪರವಾಗಿ ನಿಂತ ಮನುಷ್ಯ ಅಂದುಕೊಂಡಿದ್ದೆ. ಅದಾದ ಮೇಲೂ ನಾನು ಮಾಡಿದ್ದು ಹೀಗೆ.

ಕೋರ್ಟು ಹಕ್ಕು ಅಂದ ಮೇಲೆ ಕಾನೂನು ಬರಲು ಆರು ವರ್ಷ ಹಿಡಿಯಿತು. 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಬರುವಾಗ 2025ರ ನವೆಂಬರ್. ಕಂಪನಿಗಳಿಗೆ ತಯಾರಾಗಲು ಇನ್ನೊಂದು 18 ತಿಂಗಳು. ಇಷ್ಟು ನಿಧಾನ ನಮ್ಮ ರೈಲ್ವೆ ಗೇಟೂ ಇಲ್ಲ. ಆದರೂ ಆ ಕಾಯ್ದೆಯಲ್ಲಿ ಒಪ್ಪಿಗೆಯ ಬಗ್ಗೆ ಬರೆದಿರುವುದನ್ನು ಓದಿದಾಗ ನನಗೆ ಅಜ್ಜಿಯ ಅಡಕತ್ತರಿಯ ಸದ್ದೇ ಕೇಳಿಸಿತು. ಒಪ್ಪಿಗೆ ಸ್ವಂತ ಮನಸ್ಸಿನಿಂದ ಕೊಟ್ಟದ್ದಾಗಿರಬೇಕಂತೆ. ಇಂಥದ್ದಕ್ಕೆ ಅಂತ ತಿಳಿದು ಕೊಟ್ಟದ್ದಾಗಿರಬೇಕಂತೆ. ಏನು ತೆಗೆದುಕೊಳ್ಳುತ್ತೇವೆ, ಯಾಕೆ ಅಂತ ಹೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಓದುವ ಅವಕಾಶ ಇರಬೇಕಂತೆ. ಅಂದರೆ ಕನ್ನಡದಲ್ಲೂ. ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತೆಯೂ ಇರಬೇಕು. ಮಾಹಿತಿ ಸೋರದ ಹಾಗೆ ಕಾಯದಿದ್ದರೆ ಕಂಪನಿಗೆ 250 ಕೋಟಿವರೆಗೆ ದಂಡ. ಸರ್ಕಾರ ಮಾತ್ರ ತನ್ನ ಸಂಸ್ಥೆಗಳಿಗೆ ವಿನಾಯಿತಿಯ ಬಾಗಿಲನ್ನು ಧಾರಾಳವಾಗಿ ತೆರೆದಿಟ್ಟುಕೊಂಡಿದೆ. ಇದೇ ಕಾಯ್ದೆಯ ನೆಪದಲ್ಲಿ ಮಾಹಿತಿ ಹಕ್ಕು ಕಾಯ್ದೆಯ 8ನೇ ಸೆಕ್ಷನ್ನನ್ನೂ ತಿದ್ದಿ, ವೈಯಕ್ತಿಕ ಮಾಹಿತಿ ಅಂದುಬಿಟ್ಟರೆ ಸಾಕು, ಕೊಡದೆ ಇರಬಹುದು ಅನ್ನುವ ಹಾಗೆ ಮಾಡಿದೆ. ಸಂಸಾರ ಗುಟ್ಟು ಅನ್ನುವ ಮಾತು ಕಚೇರಿಗೂ ಅನ್ವಯಿಸುತ್ತದೆ ಅಂತ ನಮ್ಮಮ್ಮ ಎಂದೂ ಹೇಳಿರಲಿಲ್ಲ.

ಆದರೆ ನನ್ನನ್ನು ಕಾಡಿದ್ದು ಇನ್ನೊಂದು ಸಾಲು. ಒಬ್ಬ ವ್ಯಕ್ತಿ ಮನೆಮಟ್ಟಿನ, ಖಾಸಗಿ ಉದ್ದೇಶಕ್ಕೆ ಬೇರೆಯವರ ಮಾಹಿತಿ ಬಳಸಿದರೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಇರಬೇಕಾದ್ದೇ. ಇಲ್ಲದಿದ್ದರೆ ತಮ್ಮನ ನಂಬರು ಸೇವ್ ಮಾಡಿಕೊಳ್ಳಲೂ ವಕೀಲರನ್ನು ಕೇಳಬೇಕಾದೀತು. ಆದರೆ ಅದರ ಅರ್ಥ ಏನಾಯಿತು ನೋಡಿ. ಅಂಗಡಿಯವರನ್ನು ಕಾನೂನು ಒಂದು ದಿನ ಹಿಡಿಯಬಹುದು. ನನ್ನನ್ನು ಹಿಡಿಯುವುದಿಲ್ಲ. ಅಜ್ಜಿಯ ಫೋನು ಹಿಡಿದು, ಅಜ್ಜಿಯ ಹೆಸರಿನಲ್ಲಿ, ಅಜ್ಜಿಗೆ ಹೇಳದೆ ಹೂಂ ಅಂದವಳು ನಾನು. ಕಾಯ್ದೆಯಲ್ಲಿ ನಾಗರಿಕರ ಕರ್ತವ್ಯಗಳು ಅಂತಲೂ ಒಂದು ಭಾಗ ಇದೆ. ಬೇರೆಯವರ ವೇಷ ಹಾಕಬೇಡಿ, ಸುಳ್ಳು ದೂರು ಕೊಡಬೇಡಿ, ಕೊಟ್ಟರೆ 10,000 ರೂಪಾಯಿವರೆಗೆ ದಂಡ ಅನ್ನುವಂಥವು. ಕಂಪನಿಗೆ ತೊಂದರೆ ಆಗದಿರಲಿ ಅಂತ ಬರೆದ ಕರ್ತವ್ಯಗಳ ಹಾಗೆ ಕಾಣುತ್ತವೆ. ಪಕ್ಕದ ಮನೆಯವರ ಫೋನು ಕೈಗೆ ಬಂದಾಗ ಹೇಗಿರಬೇಕು ಅಂತ ಅದರಲ್ಲಿಲ್ಲ. ನಮ್ಮ ಕಡೆ ಡಿಜಿಟಲ್ ಜಗತ್ತು ನಡೆಯುವುದೇ ಬೇರೆಯವರ ಕೈಯಿಂದ, ಅಲ್ವಾ? ಮಗಳು, ಮೊಮ್ಮಗ, ಸೇವಾ ಕೇಂದ್ರದ ಹುಡುಗ, ಬ್ಯಾಂಕಿನಲ್ಲಿ ಸಾಲಿನಲ್ಲಿ ಪಕ್ಕ ನಿಂತವರು. 'ಬಳಕೆದಾರ' ಅಂತ ಕಾನೂನು ಕಲ್ಪಿಸಿಕೊಳ್ಳುವ ಮನುಷ್ಯ ಒಬ್ಬನೇ ಕೂತು, ಕನ್ನಡಕ ಹಾಕಿಕೊಂಡು, ಓದಿ, ಯೋಚಿಸಿ ಒತ್ತುತ್ತಾನೆ. ಅವನು ನಮ್ಮ ಓಣಿಯಲ್ಲಿ ಇಲ್ಲ.

(ಹಳೇ ದುರ್ಗ ಜಿಲ್ಲೆಯವಳಾಗಿ ಇಲ್ಲಿ ಓಬವ್ವನ ಕಿಂಡಿ ತರಬೇಕು ಅಂತ ಕೈ ತುರಿಸುತ್ತದೆ. ಸೈಬರ್ ಜಾಗೃತಿ ಭಾಷಣಗಳಲ್ಲಿ ಕೇಳಿ ಕೇಳಿ ಸಾಕಾಗಿದೆ, ಬೇಡ. ಓಬವ್ವ ಕಿಂಡಿ ಕಾದಳು. ನಾನು ಕಿಂಡಿಯಲ್ಲಿ ನಿಂತು ನಾಲ್ಕು ಸಲ ಬನ್ನಿ ಬನ್ನಿ ಅಂದವಳು.)

ಜೆರಾಕ್ಸ್ ಅಂಗಡಿಯ ಕಂಪ್ಯೂಟರು

ಆ ಗಲಾಟೆಯ ನಂತರ ನನಗೆ ಎಲ್ಲಾ ಕಡೆ ಇದೇ ಕಾಣತೊಡಗಿತು. ಮಗಳ ಸ್ಕಾಲರ್‌ಶಿಪ್ಪಿಗೆ ಆಧಾರ್ ಪ್ರತಿ ಬೇಕಿತ್ತು. ಒಂದು ಜೆರಾಕ್ಸ್ ಅಂಗಡಿಗೆ ಹೋದೆ. ಈಗ ಅಲ್ಲಿ ಯಾರೂ ಕಾರ್ಡು ತರುವುದಿಲ್ಲ. ಗೋಡೆಗೆ ಅಂಟಿಸಿದ ನಂಬರಿಗೆ ವಾಟ್ಸಾಪ್ ಮಾಡಬೇಕು, ಹುಡುಗ ಅದನ್ನು ಕಂಪ್ಯೂಟರಿನಲ್ಲಿ ತೆರೆದು ಪ್ರಿಂಟ್ ಕೊಡುತ್ತಾನೆ. ಪರದೆ ನಮ್ಮ ಕಡೆಗೇ ತಿರುಗಿತ್ತು. ನನ್ನ ಮಗಳ ಫೈಲಿನ ಮೇಲೂ ಕೆಳಗೂ ಸಾಲುಸಾಲು ಫೈಲುಗಳು. ಯಾರದೋ ಪ್ಯಾನ್, ಯಾರದೋ ಪಹಣಿ, ಒಂದು ಜಾತಿ ಪ್ರಮಾಣಪತ್ರ, ಒಂದು ಸ್ಕ್ಯಾನಿಂಗ್ ರಿಪೋರ್ಟು. ಒಂದು ಹುಡುಗಿಯ ಮದುವೆ ಬಯೋಡೇಟಾ ಫೋಟೊ ಸಮೇತ. ಪ್ರಿಂಟಿಗೆ ಐದು ರೂಪಾಯಿ ಕೊಟ್ಟು, ಸುಮ್ಮನೆ ಹೊರಡಬೇಕಾದವಳು, "ಆ ಫೈಲು ಡಿಲೀಟ್ ಮಾಡಪ್ಪ" ಅಂದೆ. ಹಿಂದೆ ನಿಂತಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹುಡುಗನಿಗೆ ಬೇಜಾರಾಗಲಿಲ್ಲ, ಪಾಪ. ಡಿಲೀಟ್ ಒತ್ತಿದ. ಆಮೇಲೆ ನಗುತ್ತಾ, "ರಿಸೈಕಲ್ ಬಿನ್ನಾಗೆ ಇರ್ತೈತಿ ಅಕ್ಕಾ. ಅದನ್ನ ತೆಗೆದ್ರೂ ನನ್ನ ವಾಟ್ಸಾಪ್ನಾಗೆ ಇರ್ತೈತಿ" ಅಂದ. ಮೂರೂ ಕಡೆಯಿಂದ ತೆಗೆದ. ಇಷ್ಟು ವರ್ಷದಲ್ಲಿ ಹಾಗೆ ಕೇಳಿದ ಎರಡನೆಯವಳು ನಾನಂತೆ. ಮೊದಲನೆಯವರು ಒಬ್ಬ ಪೊಲೀಸರು.

ಆಧಾರ್ ಪ್ರತಿಯ ವಿಷಯದಲ್ಲಿ ಒಂದು ತಮಾಷೆ ನಡೆದಿತ್ತು, ನೆನಪಿದೆಯಾ? 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಜೆರಾಕ್ಸನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ಕೊನೆಯ ನಾಲ್ಕೇ ಅಂಕಿ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಅಂತ ಪ್ರಕಟಣೆ ಕೊಟ್ಟಿತು. ದೇಶವೆಲ್ಲ ಗಾಬರಿಯಾಯಿತು. ಎರಡೇ ದಿನಕ್ಕೆ, 29ರಂದು, ಜನ ತಪ್ಪು ತಿಳಿಯುತ್ತಾರೆ ಅಂತ ಕೇಂದ್ರ ಸಚಿವಾಲಯ ಅದನ್ನು ವಾಪಸ್ ಪಡೆಯಿತು. ಮಾಸ್ಕ್ಡ್ ಆಧಾರ್ ಅನ್ನುವುದು ಆಗಲೂ ಇತ್ತು, ಈಗಲೂ ಇದೆ, ಡೌನ್‌ಲೋಡ್ ಮಾಡುವಾಗ ಒಂದು ಚೌಕದಲ್ಲಿ ಟಿಕ್ ಹಾಕಿದರೆ ಬರುತ್ತದೆ. ಪ್ರಕಟಣೆ ಹೇಳಿದ್ದು ಸರಿಯಾದ ಮಾತೇ. ಬ್ಯಾಂಕಿನ ಪರವಾಗಿ ಹಳ್ಳಿಯಲ್ಲೇ ದುಡ್ಡು ಕೊಡುವ ಬ್ಯಾಂಕ್ ಮಿತ್ರರ ಮೆಷಿನ್ನಿನಲ್ಲಿ ಆಧಾರ್ ನಂಬರು, ಬ್ಯಾಂಕಿನ ಹೆಸರು, ಹೆಬ್ಬೆಟ್ಟು ಇದ್ದರೆ ದುಡ್ಡು ಬರುತ್ತದೆ, ಒಟಿಪಿ ಬೇಕಿಲ್ಲ. ನಂಬರು ಜೆರಾಕ್ಸಿನಲ್ಲಿದೆ. ಹೆಬ್ಬೆಟ್ಟು ನೋಂದಣಿ ಪತ್ರಗಳಲ್ಲಿದೆ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ ಹೀಗೇ ದುಡ್ಡು ಹೋದ ದೂರುಗಳು ಬಂದವು. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಬಿಟ್ಟರೆ ಹೆಬ್ಬೆಟ್ಟು ನಡೆಯುವುದಿಲ್ಲ. ಆದರೆ ಲಾಕ್ ಮಾಡಿದ್ದು ಮರೆತು ರೇಷನ್ ಅಂಗಡಿಗೆ ಹೋದರೆ ಅಲ್ಲೂ ನಡೆಯುವುದಿಲ್ಲ. ನಮ್ಮತ್ತೆ ಅಕ್ಕಿ ಚೀಲ ಹಿಡಿದು ವಾಪಸ್ ಬಂದು ನನಗೆ ಬೈದ ದಿನ ಇದು ಗೊತ್ತಾಯಿತು.

ಇಸಿಲಕ್ಕೆ ಬಂದ ಮೆಸೇಜು

ಇಷ್ಟರವರೆಗೆ ಓದಿ ನಾನು ಬಹಳ ಹುಷಾರು ಹೆಂಗಸು ಅಂದುಕೊಂಡಿದ್ದರೆ ಇದನ್ನೂ ಹೇಳಿಬಿಡುತ್ತೇನೆ.

ನನ್ನ ತವರು ಮೊಳಕಾಲ್ಮುರು ಕಡೆ. 2018ರ ಜೂನ್, ಶೇಂಗಾ ಬಿತ್ತನೆಗೆ ಮಳೆ ಕಾಯುತ್ತಿದ್ದ ದಿನಗಳು. ಮಗಳಿಗೆ ಆಗ ನಾಲ್ಕು ವರ್ಷ, ಕರೆದುಕೊಂಡು ಹೋಗಿದ್ದೆ. ಆ ಬೇಸಿಗೆಯಲ್ಲಿ ಮಕ್ಕಳ ಕಳ್ಳರ ಮೆಸೇಜು ಬರದ ಫೋನು ಇರಲಿಲ್ಲ. ನನಗೆ ಬಂದದ್ದು ಒಂದು ಧ್ವನಿ ಮೆಸೇಜು. ಒಬ್ಬ ಹೆಂಗಸು ಅಳುತ್ತಾ, ವೇಷ ಮರೆಸಿಕೊಂಡು ಬರುತ್ತಾರೆ, ಮನೆಯಲ್ಲಿ ಎಷ್ಟು ಮಕ್ಕಳು ಅಂತ ಕೇಳುತ್ತಾರೆ ಅನ್ನುತ್ತಿದ್ದಳು. ಯಾರು ಅವಳು, ಯಾವೂರು, ನಾನು ಕೇಳಲಿಲ್ಲ. ಅವಳ ಅಳು ನನ್ನ ಹೊಟ್ಟೆಗೆ ಹೊಕ್ಕಿತ್ತು. 'ಹುಷಾರು, ಎಲ್ಲರಿಗೂ ತಿಳಿಸಿ' ಅಂತ ಸೇರಿಸಿ ಮೂರು ಗ್ರೂಪಿಗೆ ಕಳಿಸಿದೆ. ಒಂದು ತವರಿನ ಗ್ರೂಪು.

ಎರಡನೇ ದಿನ ಅರಳಿಕಟ್ಟೆಯ ಹತ್ತಿರ ಗದ್ದಲ. ಹೋಗಿ ನೋಡಿದರೆ ಹತ್ತು ಹನ್ನೆರಡು ಹುಡುಗರು ಒಬ್ಬ ಮುದುಕನನ್ನು ಸುತ್ತುವರಿದಿದ್ದರು. ತಲೆಗೆ ಪೇಟ, ಹೆಗಲಿಗೆ ಚೀಲ. ಚೀಲ ಕಸಿದು ಕಟ್ಟೆ ಮೇಲೆ ಸುರಿದಿದ್ದರು. ಒಂದು ಜೊತೆ ಬಟ್ಟೆ, ಒಂದು ತಂಬಿಗೆ, ಕೆಂಪು ಬಟ್ಟೆಯಲ್ಲಿ ಸುತ್ತಿದ ಉದ್ದನೆ ಪುಸ್ತಕ. ಒಬ್ಬ ಹುಡುಗ ಫೋನು ಎತ್ತಿ ಹಿಡಿದು, ಅದರಲ್ಲಿದ್ದ ಯಾವುದೋ ಫೋಟೊಗೂ ಮುದುಕನ ಮುಖಕ್ಕೂ ತಾಳೆ ನೋಡುತ್ತಿದ್ದ. "ಮನೆ ಮನೆಗೆ ಹೋಗಿ ಎಷ್ಟ್ ಮಕ್ಳು, ಏನ್ ಹೆಸ್ರು ಅಂತ ಕೇಳ್ತಿದ್ದ" ಅಂದ ಇನ್ನೊಬ್ಬ. ಮುದುಕನ ಕೈ ನಡುಗುತ್ತಿತ್ತು. ಯಾರೋ ಆಗಲೇ ಒಂದೇಟು ಹಾಕಿದ್ದರು ಅನ್ನಿಸುತ್ತದೆ, ಪೇಟ ಬಿಚ್ಚಿ ಒಂದು ಕಡೆ ಇಳಿದಿತ್ತು.

ಅವನು ಹೆಳವ. ಊರೂರಿಗೆ ಹೋಗಿ ಮನೆತನದ ವಂಶಾವಳಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳುಕಡಿ ಪಡೆದು ಹೋಗುವವರು. ನಾನು ಚಿಕ್ಕವಳಿದ್ದಾಗ ಬಂದಿದ್ದು ಮಸುಕಾಗಿ ನೆನಪಿತ್ತು. ಸುಗ್ಗಿ ಮುಗಿದ ಮೇಲೆ ಬರಬೇಕಾದವನು ಆ ಸಲ ಅದ್ಯಾಕೋ ಮುಂಗಾರಿನ ಹೊತ್ತಿಗೆ ಬಂದಿದ್ದ. ಈ ಹುಡುಗರು ಹೆಳವನನ್ನು ಕಂಡೇ ಇರಲಿಲ್ಲ. ಮಕ್ಕಳೆಷ್ಟು, ಹೆಸರೇನು ಅಂತ ಕೇಳುವುದೇ ಅವನ ಕಸುಬು. ಅಷ್ಟರಲ್ಲಿ ಯಾರೋ ನಮ್ಮ ದೊಡ್ಡಪ್ಪನನ್ನು ಕರೆತಂದರು. ದೊಡ್ಡಪ್ಪ ಗದರಲಿಲ್ಲ. ಕಟ್ಟೆಯ ಮೇಲೆ ಕೂತು, "ನಮ್ಮ ಮನೇದು ಹೇಳು" ಅಂದ. ಮುದುಕ ಪುಸ್ತಕ ಮುಟ್ಟಲಿಲ್ಲ. ಕಣ್ಣು ಮುಚ್ಚಿ, ನಡುಗುವ ದನಿಯಲ್ಲೇ ಶುರು ಮಾಡಿದ. ಯಾವ ಊರಿನಿಂದ ಯಾವ ಬರಗಾಲದಲ್ಲಿ ಬಂದರು, ಯಾರ ಮಗ ಯಾರು. ಏಳು ತಲೆಮಾರು. ಹೇಳುತ್ತಾ ಹೇಳುತ್ತಾ ದನಿ ಗಟ್ಟಿಯಾಯಿತು. ದೊಡ್ಡಪ್ಪನ ಹೆಸರು ಬಂತು, ನಮ್ಮಪ್ಪನ ಹೆಸರು ಬಂತು, ನಮ್ಮಣ್ಣನ ಹೆಸರಿಗೆ ನಿಂತಿತು. (ನನ್ನ ಹೆಸರು ಇರಲಿಲ್ಲ. ಈ ದತ್ತಾಂಶ ಸಂಗ್ರಹಕ್ಕೂ ಅದರದೇ ಪಕ್ಷಪಾತ.) ಹುಡುಗರು ಒಬ್ಬೊಬ್ಬರೇ ಜಾರಿಕೊಂಡರು. ಒಬ್ಬ ಮಾತ್ರ ಚೀಲಕ್ಕೆ ಸಾಮಾನು ತುಂಬಿಕೊಟ್ಟ. ತುಂಬುತ್ತಾ ನನ್ನ ಕಡೆ ನೋಡಿ, "ನಿಮ್ಮಿಂದಾನೇ ಬಂದಿದ್ದಕ್ಕಾ ಅದು" ಅಂದ. ಬಯ್ಯುವ ದನಿಯೂ ಇರಲಿಲ್ಲ. ನೀವು ಓದಿದವರು ಕಳಿಸಿದ್ದೀರಿ, ನಿಜ ಇರಬೇಕು ಅಂತ ನಂಬಿದೆವು ಅನ್ನುವ ದನಿ.

ಅದಾದ ಕೆಲವೇ ದಿನಗಳಲ್ಲಿ, ಜುಲೈ 13ರಂದು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ದೊಡ್ಡಪ್ಪ ಯಾರೂ ಹೊತ್ತಿಗೆ ಬರಲಿಲ್ಲ. ಹೈದರಾಬಾದಿನಿಂದ ಬಂದ ಯುವಕರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಅವರ ಕಾರಿಗಿಂತ ಮೊದಲು ವಾಟ್ಸಾಪ್ ಮುರ್ಕಿ ತಲುಪಿತು. ಅವರಲ್ಲೊಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್, ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟಿಗೆ ಫಾರ್ವರ್ಡ್ ಅಂತ ಮಿತಿ ಹಾಕಿತು. ಆ ಸುದ್ದಿ ಓದುವಾಗ ನಾನು ಬೆರಳು ಮಡಚಿ ಎಣಿಸಿದೆ. ನಾನು ಕಳಿಸಿದ್ದು ಮೂರಕ್ಕೆ. ಮಿತಿಯ ಒಳಗೇ ಇದ್ದೆ.

ತವರಿನಿಂದ ಹೊರಡುವ ಮುಂಚೆ ಬ್ರಹ್ಮಗಿರಿಗೆ ಹೋಗಿದ್ದೆವು, ಮಗಳಿಗೆ ಅಶೋಕನ ಶಾಸನ ತೋರಿಸೋಣ ಅಂತ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಕಂಡುಹಿ‍ಡಿದದ್ದು. ಶಾಲೆಯಲ್ಲಿದ್ದಾಗ ಟ್ರಿಪ್ಪಿಗೆ ಬಂದು ಬಂಡೆಯ ಪಕ್ಕ ಚಿತ್ರಾನ್ನ ತಿಂದಿದ್ದೇ ನೆನಪು. ಈ ಸಲ ಅದರ ಅನುವಾದ ಓದಿದಾಗ ಮೈ ಜುಂ ಅಂದಿತು. ಅದೂ ಒಂದು ಫಾರ್ವರ್ಡೇ. ಸುವರ್ಣಗಿರಿಯ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರ (ಹಿರಿಯ ಅಧಿಕಾರಿಗಳ) ಮಾತಿನಂತೆ ಇಸಿಲದ (ಈ ಜಾಗದ ಆಗಿನ ಹೆಸರು) ಮಹಾಮಾತ್ರರ ಆರೋಗ್ಯ ವಿಚಾರಿಸಿ ಹೀಗೆ ಹೇಳಬೇಕು ಅಂತ ಶುರುವಾಗುತ್ತದೆ. ಯಾರಿಂದ ಹೊರಟಿತು, ಯಾರ ಮೂಲಕ ಬಂತು, ಯಾರಿಗೆ, ಎಲ್ಲಾ ಕಲ್ಲಿನಲ್ಲೇ ಇದೆ. ನಡುವೆ, ತಂದೆತಾಯಿ ಮಾತು ಕೇಳಿ, ಜೀವಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ. ಕೊನೆಯಲ್ಲಿ, ಇದನ್ನು ಬರೆದವನು ಚಪಡ. 'ಲಿಪಿಕಾರ' ಅನ್ನುವ ತನ್ನ ಕಸುಬಿನ ಹೆಸರನ್ನು ಮಾತ್ರ ಅವನು ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಈ ಸೀಮೆಯಲ್ಲಿ ಆ ಲಿಪಿ ಯಾರಿಗೂ ಬರುತ್ತಿರಲಿಲ್ಲವೇನೋ. ಆದರೂ ಹಾಕಿದ. ಮಾತು ಚಕ್ರವರ್ತಿಯದು, ಕೆತ್ತಿದ ಕೈ ನನ್ನದು ಅಂತ. ನನಗೆ ಬಂದ ಧ್ವನಿ ಮೆಸೇಜಿನಲ್ಲಿ ಆ ಹೆಂಗಸಿನ ಹೆಸರಿರಲಿಲ್ಲ. ಅದಕ್ಕೆ ಅಂಟಿಕೊಂಡ ಒಂದೇ ಒಂದು ಹೆಸರು ನನ್ನದಾಗಿತ್ತು. ಅದನ್ನು ತೋರಿಸಿಕೊಟ್ಟದ್ದು ಚೀಲ ತುಂಬುತ್ತಿದ್ದ ಹುಡುಗ.

ಮೂರು ಗಂಟೆ

ಹೋದ ತಿಂಗಳು ಅಜ್ಜಿ ಬಂದಾಗ ಫೋನು ತೆಗೆದುಕೊಳ್ಳುವ ಮೊದಲು ಹೇಳಿಬಿಟ್ಟೆ. ಅವತ್ತು ಅದು ಏನು ಕೇಳಿತು, ನಾನು ಏನು ಒತ್ತಿದೆ, ನಿಮ್ಮ ತಂಗಿಗೆ ಹೇಗೆ ಗೊತ್ತಾಯಿತು, ಎಲ್ಲಾ. ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡರು. "ಮತ್ತ ಅವತ್ತು ಏನಿಲ್ಲ ಅಂದೆಲ್ಲವ್ವ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮಾರು ಹೊತ್ತು ಎಲೆ ಜಗಿದು, "ಹಂಗಾರೆ ಈಗ ಓದು. ಒಂದೊಂದೇ ಓದು" ಅಂದರು.

ಸೆಟ್ಟಿಂಗ್ಸ್ ತೆರೆದು ಕನ್ನಡದಲ್ಲಿ ಹೇಳುತ್ತಾ ಹೋದೆ. ನಿಮ್ಮ ಫೋನಿನಲ್ಲಿರುವ ನಂಬರು ಎಲ್ಲಾ ಕೇಳ್ತಿದೆ. "ಅವೆಲ್ಲ ನನ್ನವಾ? ಅವರವರವು. ನಾನ್ಯಾವ ಬಾಯಾಗ ಕೊಡ್ಲಿ? ಬ್ಯಾಡ ಅನ್ನು." ಎಲ್ಲಿದ್ದೀರಿ ಅಂತ ಕೇಳ್ತಿದೆ. "ಈ ಕಟ್ಟಿ ಬಿಟ್ಟು ನಾನೆಲ್ಲಿಗ್ ಹೋಗ್ಲಿ? ಅದಕ್ಯಾಕಂತೆ? ಬ್ಯಾಡ." ಫೋಟೊ ನೋಡಬೇಕಂತೆ. "ನಿಮ್ಮಜ್ಜಂದು ಒಂದೈತಿ ಅದ್ರಾಗೆ. ಬ್ಯಾಡ." ಆಗಾಗ ನೆನಪು ಮಾಡ್ತೀನಿ ಅಂತಿದೆ. ಸ್ವಲ್ಪ ಯೋಚಿಸಿದರು. "ಅದಿರ್ಲಿ. ಕಂತು ಮರ್ತ್ ಹೋಗ್ತೀನಿ." ಮೂರು ತೆಗೆದು ಒಂದು ಉಳಿಸಿದೆ. ಆ್ಯಪ್ ಏನೂ ಮುನಿಸಿಕೊಳ್ಳಲಿಲ್ಲ, ಮೊದಲಿನ ಹಾಗೇ ಕಂತಿನ ಲೆಕ್ಕ ತೋರಿಸಿತು. ಈಗಾಗಲೇ ಹೋದ ನಂಬರುಗಳು ಹೋದವು, ಅವನ್ನು ಅಂಗಡಿಯಲ್ಲೇ ಅಳಿಸಲು ಹೇಳಿ ಒಂದು ಪತ್ರ ಬರೆದು ಅಜ್ಜಿಯ ಸಹಿ ಹಾಕಿಸಿ ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.

ಆಮೇಲೆ ಕವರಿನ ಚೀಟಿ. ಇದು ಯಾರ ಕೈಗಾದರೂ ಸಿಕ್ಕರೆ ಕಂತಿನ ದುಡ್ಡು ಅಷ್ಟೂ ಹೋಗುತ್ತೆ, ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿದರೆ ತಡೆಯುವ ಸಾಧ್ಯತೆ ಇರುತ್ತೆ, ಆದರೆ ಹೋಗದ ಹಾಗೆ ನೋಡಿಕೊಳ್ಳುವುದೇ ಸುಲಭ ಅಂತ ವಿವರಿಸಿದೆ. ನೆನಪಿರುವ ಯಾವುದಾದರೂ ನಾಲ್ಕು ಅಂಕಿ ಇಡೋಣ ಅಂದೆ. ಅಜ್ಜಿ ಕಣ್ಣು ಸಣ್ಣ ಮಾಡಿದರು. "ನಿಮ್ಮಜ್ಜಂಗೆ ಮಿಲ್ಲಿನಾಗೆ ಒಂದು ಟೋಕನ್ ಇತ್ತು. ಬುತ್ತಿ ಕೊಡಾಕೆ ಹೋದಾಗ ಗೇಟಿನಾಗೆ ದಿನಾ ಅದನ್ನ ಹೇಳ್ತಿದ್ದೆ." ಹೇಳಲು ಬಾಯಿ ತೆರೆದರು. ನಾನು ಕೈ ಅಡ್ಡ ಹಿಡಿದೆ. ನನಗೆ ಹೇಳಬೇಡಿ, ನೀವೇ ಒತ್ತಿ ಅಂದು, ಹೊಸ ಪಿನ್ ಕೇಳುವ ಜಾಗಕ್ಕೆ ತಂದು ಫೋನು ಅವರ ಕೈಗೆ ಕೊಟ್ಟು ಅಡುಗೆಮನೆ ಕಡೆ ತಿರುಗಿ ಕೂತೆ.

ಗೋಡೆಯ ಮೇಲೆ ಒಂದು ಇರುವೆ ಸಾಲು ಹೋಗುತ್ತಿತ್ತು. ಅದು ಕಿಟಕಿ ತಲುಪುವವರೆಗೂ ನೋಡಿದೆ. ಹಿಂದಿನಿಂದ ಸದ್ದೇ ಇಲ್ಲ.

"ಆಯ್ತಾ ಅಜ್ಜಿ?"

"ತಡಿಯವ್ವಾ, ಇನ್ನ ಎರಡೈತಿ. ಈ ಕಡೆ ತಿರುಗಬ್ಯಾಡ."